ವಾಪಸ್ ಬಂದದ್ದು ಅದೇ ರೋಗವಾ ಅಂತ ಒಮ್ಮೆ ಕೇಳಿ

ಕೊಳೆರೋಗದ ಎರಡನೇ ಮದ್ದಿನ ಬಗ್ಗೆ ಬರೀತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ. ಇವತ್ತಿನದ್ದು ತೋಟದ ವಿಷಯ ಅಲ್ಲ, ಮನೆಯ ವಿಷಯ. ಸ್ವಲ್ಪ ಉದ್ದ ಉಂಟು, ರಾತ್ರಿ ಊಟ ಆದ ಮೇಲೆ ನಿಧಾನ ಓದಿ. ಮನೆಯ ಹೆಂಗಸರಿಗೂ ಓದಿ ಹೇಳಿ.

ಹೋದ ತಿಂಗಳು ವೇಣೂರು ಬದಿಯ ಕೃಷಿಕರೊಬ್ಬರು ಫೋನ್ ಮಾಡಿದ್ದರು. ಅವರ ಹೆಂಡತಿಗೆ ಅಂಡಾಶಯದ ಕ್ಯಾನ್ಸರ್ ಮೂರು ವರ್ಷದ ನಂತರ ಪುನಃ ಕಾಣಿಸಿಕೊಂಡಿದೆ. ಡಾಕ್ಟ್ರು ಪುನಃ ಸೂಜಿ ಹಾಕಿ ತುಂಡು ತೆಗೆದು ನೋಡಬೇಕು ಅಂದಿದ್ದಾರೆ. "ರೋಗ ಯಾವುದು ಅಂತ ಗೊತ್ತುಂಟಲ್ಲ ಮಾರಾಯ್ರೆ, ಮತ್ತೆ ಎಂತಕ್ಕೆ ಚುಚ್ಚುವುದು?" ಅಂತ ಅವರ ಪ್ರಶ್ನೆ. ನನ್ನ ಅಕ್ಕನ ವಿಷಯದಲ್ಲಿ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಫೋನಿನಲ್ಲಿ ಹೇಳಿದ್ದು ಅರ್ಧ ಆಯ್ತು, ಪೂರ್ತಿ ಇಲ್ಲಿ ಬರೀತೇನೆ.

ಅಕ್ಕನನ್ನು ಕೊಟ್ಟದ್ದು ಬಂಟ್ವಾಳ ತಾಲೂಕಿಗೆ, ವಿಟ್ಲದ ಹತ್ತಿರ. ನಮ್ಮ ಮನೆ ಬೆಳ್ತಂಗಡಿ ತಾಲೂಕಿನ ಕೊನೆಯಲ್ಲಿ, ಪೇಟೆ ಅಂದ್ರೆ ನಮಗೆ ಮೂಡುಬಿದಿರೆಯೇ. 2019ರ ಮಳೆಗಾಲದಲ್ಲಿ ಅಕ್ಕನಿಗೆ ಹೊಟ್ಟೆ ಉಬ್ಬರ ಶುರುವಾಯ್ತು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ, ಪದೇ ಪದೇ ಮೂತ್ರ. ಗ್ಯಾಸ್ ಅಂತ ಮಾತ್ರೆ ಆಯ್ತು, ಜೀರಿಗೆ ಕಷಾಯ ಆಯ್ತು. ಸೀರೆ ಉಟ್ಟಾಗ ಹೊಟ್ಟೆ ದೊಡ್ಡದಾಗಿದೆ ಅಂತ ಅವಳಿಗೇ ಕಂಡಾಗ ಬಿ.ಸಿ.ರೋಡಿನಲ್ಲಿ ಸ್ಕ್ಯಾನ್ ಮಾಡಿಸಿದರು. ಹೊಟ್ಟೆಯಲ್ಲಿ ನೀರು, ಅಂಡಾಶಯದಲ್ಲಿ ಗಡ್ಡೆ. ವಯಸ್ಸು ಆಗ 56.

ಅಂಡಾಶಯದ ಕ್ಯಾನ್ಸರ್ ನಮ್ಮ ದೇಶದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ನಂತರ ಮೂರನೇ ಸ್ಥಾನದಲ್ಲಿರುವಂಥದ್ದು. ಶುರುವಿನಲ್ಲಿ ನೋವಿಲ್ಲ, ರಕ್ತ ಇಲ್ಲ, ಹಾಗಾಗಿ ಹೆಚ್ಚಿನವರಿಗೆ ಗೊತ್ತಾಗುವಾಗ ಹೊಟ್ಟೆಯೆಲ್ಲ ಹರಡಿರ್ತದೆ. ಅಕ್ಕನದ್ದೂ ಹಾಗೆಯೇ, ಮೂರನೇ ಹಂತ. ತುಂಡು ಪರೀಕ್ಷೆಯ ರಿಪೋರ್ಟಿನಲ್ಲಿ "ಹೈ ಗ್ರೇಡ್ ಸೀರಸ್ ಕಾರ್ಸಿನೋಮಾ" ಅಂತ ಇತ್ತು. ಅಂಡಾಶಯದಲ್ಲಿ ಅತಿ ಹೆಚ್ಚು ಕಾಣುವ ಜಾತಿಯೇ ಅದು.

ಮೂರು ಕೀಮೋ, ನಂತರ ಆಪರೇಷನ್, ಪುನಃ ಮೂರು ಕೀಮೋ. 21 ದಿನಕ್ಕೊಮ್ಮೆ ಎರಡು ಮದ್ದು ಒಟ್ಟಿಗೆ: ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್. ಮೊದಲನೆಯದ್ದು ಪ್ಲಾಟಿನಂ ಲೋಹದ್ದು. ನಾವು ಅಡಿಕೆಗೆ ತಾಮ್ರ ಬಿಡುವ ಹಾಗೆ ಅಂತ ಅಕ್ಕನೇ ತಮಾಷೆ ಮಾಡ್ತಿದ್ದಳು. ಎರಡನೆಯದ್ದು ಮೂಲದಲ್ಲಿ ಒಂದು ಮರದ ತೊಗಟೆಯದ್ದು. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರ, 1962ರಲ್ಲಿ ಅದರ ತೊಗಟೆ ತಂದು ಪರೀಕ್ಷೆ ಮಾಡಿದ್ದು, 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು. ಅಕ್ಕನ ಕೊನೆಯ ಕೀಮೋ 2020ರ ಮಾರ್ಚಿನಲ್ಲಿ, ಲಾಕ್‌ಡೌನ್‌ಗಿಂತ ಸ್ವಲ್ಪ ಮೊದಲು ಮುಗಿಯಿತು. ಕೂದಲು ಬಂತು, ಊಟ ಸೇರಿತು, ಅಡಿಕೆ ಸುಲಿಯುವ ಜಾಗಕ್ಕೆ ಬಂದು ಕೂರ್ಲಿಕ್ಕೆ ಶುರು ಮಾಡಿದಳು. ಎರಡೂವರೆ ವರ್ಷ ಚೆನ್ನಾಗಿದ್ದಳು.

2022ರ ಸೆಪ್ಟೆಂಬರಿನಲ್ಲಿ ಕೆಳಹೊಟ್ಟೆಯಲ್ಲಿ ನೋವು. ಸ್ಕ್ಯಾನಿನಲ್ಲಿ ಒಂದು ಗಟ್ಟಿ ಗಡ್ಡೆ ಕಂಡಿತು. ಆದರೆ ಸಿಎ-125 ಅಂತ ಒಂದು ರಕ್ತ ಪರೀಕ್ಷೆ ಉಂಟಲ್ಲ, ಅದು 31 ಮಾತ್ರ. 35ರ ಒಳಗಿದ್ದರೆ ಸರಿ ಅಂತ ಲೆಕ್ಕ. ಮೊದಲ ಸಲ ಅದು ಸಾವಿರ ದಾಟಿತ್ತು. ಗಡ್ಡೆ ಉಂಟು, ನಂಬರ್ ಇಲ್ಲ. ಡಾಕ್ಟರಮ್ಮ ರಿಪೋರ್ಟ್ ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು, "ಇದು ಹೊಂದಿಕೆ ಆಗ್ತಾ ಇಲ್ಲ. ತುಂಡು ತೆಗೆದು ನೋಡದೆ ನಾನು ಮದ್ದು ಬರೆಯುವುದಿಲ್ಲ" ಅಂದರು.

ಮನೆಯಲ್ಲಿ ದೊಡ್ಡ ಚರ್ಚೆ. ಭಾವನ ಮಾತು: ಮೊದಲಿನ ಆರು ಇಂಜೆಕ್ಷನ್ ಕೆಲಸ ಮಾಡಿದೆ, ಅದನ್ನೇ ಪುನಃ ಹಾಕಲಿ. ನೆಂಟರದ್ದು: ಸೂಜಿ ತಾಗಿಸಿದ್ರೆ ಕ್ಯಾನ್ಸರ್ ಹಬ್ಬುತ್ತದೆ. ಈ ಎರಡನೇ ಮಾತು ನಮ್ಮ ಊರಲ್ಲಿ ಎಲ್ಲ ಕಡೆ ಉಂಟು, ಹಾಗಾಗಿ ಬಿಡಿಸಿ ಹೇಳ್ತೇನೆ. ಮೊದಲ ಸಲ ಅಂಡಾಶಯದ ಒಳಗೇ ಇರುವ ಒಂಟಿ ಗಡ್ಡೆಗೆ ಡಾಕ್ಟ್ರು ಸೂಜಿ ಹಾಕುವುದಿಲ್ಲ, ಒಡೆಯದ ಹಾಗೆ ಇಡೀ ತೆಗೀಲಿಕ್ಕೆ ನೋಡ್ತಾರೆ. ಅಷ್ಟು ಮಟ್ಟಿಗೆ ಊರಿನ ಮಾತಿನಲ್ಲಿ ಹುರುಳುಂಟು. ಆದರೆ ಒಮ್ಮೆ ಹರಡಿ, ಗುಣವಾಗಿ, ಪುನಃ ಬಂದ ರೋಗದ ಲೆಕ್ಕ ಬೇರೆ. ಅಲ್ಲಿ ಸೂಜಿಯಿಂದ ಆಗುವ ನಷ್ಟ ತೀರಾ ಕಡಿಮೆ, ಗೊತ್ತಾಗುವ ವಿಷಯ ದೊಡ್ಡದು.

ನಾವು ತೋಟದಲ್ಲಿ ಎಂತ ಮಾಡ್ತೇವೆ ನೋಡಿ. ಅಡಿಕೆ ಸೋಗೆ ಹಳದಿಯಾಯ್ತು ಅಂತ ಇಟ್ಟುಕೊಳ್ಳುವ. ನೀರು ನಿಂತು ಬೇರು ಕೊಳೆತರೂ ಹಳದಿ. ಗೊಬ್ಬರದ ಕೊರತೆಯಾದರೂ ಹಳದಿ. ಸಂಪಾಜೆ ಬದಿಯ ಹಳದಿ ಎಲೆ ರೋಗ ಬಂದರೂ ಹಳದಿ. ಬಣ್ಣ ಒಂದೇ, ಮದ್ದು ಬೇರೆ ಬೇರೆ, ಒಂದಕ್ಕೆ ಮದ್ದೇ ಇಲ್ಲ. ಹೋದ ವರ್ಷ ಚರಂಡಿ ಬಿಡಿಸಿದ್ದಕ್ಕೆ ಸರಿಯಾಯ್ತು ಅಂತ ಈ ವರ್ಷವೂ ಚರಂಡಿ ಮಾತ್ರ ಬಿಡಿಸಿ ಕೂರುವವ ಬುದ್ಧಿವಂತ ಅಲ್ಲ. ಅನುಮಾನ ಬಂದರೆ ವಿಟ್ಲದ ಸಿಪಿಸಿಆರ್‌ಐಗೆ ಹೋಗಿ ಕೇಳ್ತೇವೆ. ಮರಕ್ಕೆ ಮಾಡುವ ಇಷ್ಟನ್ನು ಮನುಷ್ಯರಿಗೂ ಮಾಡಬೇಕು ಅಂತ ಅಕ್ಕನೇ ಹೇಳಿದಳು. "ನನಗೆ ಹೆದರಿಕೆ ಸೂಜಿಯದ್ದಲ್ಲ, ಹೆಸರು ಗೊತ್ತಿಲ್ಲದ್ದರದ್ದು" ಅಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ಹತ್ತು ದಿನದಲ್ಲಿ ರಿಪೋರ್ಟ್ ಬಂತು. ಹೆಸರು ಬದಲಾಗಿತ್ತು: ಕಾರ್ಸಿನೋಸಾರ್ಕೋಮಾ.

ಇದು ಎಂತ ಅಂತ ನನಗೆ ಅರ್ಥವಾದ ಹಾಗೆ ಹೇಳ್ತೇನೆ. ಕಾರ್ಸಿನೋಮಾ ಅಂದ್ರೆ ಅಂಗಗಳ ಹೊದಿಕೆಯ ಕೋಶಗಳಿಂದ ಹುಟ್ಟುವ ಕ್ಯಾನ್ಸರ್. ಸಾರ್ಕೋಮಾ ಅಂದ್ರೆ ಮಾಂಸಖಂಡ, ಎಲುಬು, ಮೃದ್ವಸ್ಥಿ ಇಂಥವುಗಳ ಜಾತಿಯದ್ದು. ಅಕ್ಕನ ಹೊಸ ಗಡ್ಡೆಯಲ್ಲಿ ಎರಡೂ ಒಟ್ಟಿಗೆ ಇದ್ದವು. ಕಿವಿಯ ತುದಿಯಲ್ಲಿ ಮೆತ್ತಗಿನ ಎಲುಬು ಇರ್ತದಲ್ಲ, ಅಂಥ ಮೃದ್ವಸ್ಥಿಯ ಹಾಗೆ ಕಾಣುವ ಕೋಶಗಳೂ ಒಂದು ಕಡೆ ಇದ್ದವು. ಹೊಟ್ಟೆಯ ಒಳಗೆ ಕಿವಿಯ ಎಲುಬು ಎಲ್ಲಿಂದ ಬಂತು ಅಂತ ಭಾವ ಕೇಳಿದ್ದರಲ್ಲಿ ತಪ್ಪೇನಿಲ್ಲ.

ಇಂಥ ಜೋಡಿ ಗಡ್ಡೆಯನ್ನು ಹಿಂದೆ ಎರಡು ಬೇರೆ ಕ್ಯಾನ್ಸರ್ ಬೆಳೆದು ಒಂದಕ್ಕೊಂದು ತಾಗಿದ್ದು ಅಂತ ತಿಳಿದವರಿದ್ದರು. ನಮ್ಮ ಹಿಪ್ಪಲಿ ಕಸಿಯ ಕಾಳುಮೆಣಸಿನ ಹಾಗೆ, ಕೆಳಗೆ ಒಂದು ಗಿಡ, ಮೇಲೆ ಇನ್ನೊಂದು. ಈಗ ಜೀನ್ ಪರೀಕ್ಷೆ ಬಂದ ಮೇಲೆ ಹೆಚ್ಚಿನವುಗಳಲ್ಲಿ ಎರಡೂ ಭಾಗದ ಮೂಲ ಒಂದೇ ಅಂತ ಗೊತ್ತಾಗಿದೆ. ಹಾಗಾಗಿ ಕಸಿಗಿಂತ ಅಂಗಳದ ಬಣ್ಣದ ಕ್ರೋಟನ್ ಸರಿಯಾದ ಹೋಲಿಕೆ. ಕಸಿ ಕಟ್ಟಿದ್ದಲ್ಲ, ಬೇರು ಒಂದೇ, ಆದರೂ ಒಂದು ದಿನ ಬುಡದಿಂದ ಬರೀ ಹಸಿರು ರೆಂಬೆ ಬರ್ತದೆ. ಬಿಟ್ಟರೆ ಅದೇ ಜೋರಾಗಿ ಬೆಳೆದು ಬಣ್ಣದ್ದನ್ನು ಮುಚ್ಚುತ್ತದೆ. ಕ್ಯಾನ್ಸರ್ ಕೋಶವೂ ಹಾಗೆ ವೇಷ ಬದಲಿಸ್ತದೆ. ಕೀಮೋದಲ್ಲಿ ಸೋತವು ಸತ್ತವು, ಉಳಿದದ್ದು ಬೇರೆ ಗುಣದ್ದು. ಒಂದೇ ಕಳೆನಾಶಕ ವರ್ಷ ವರ್ಷ ಬಿಟ್ಟ ಜಾಗದಲ್ಲಿ ಕೊನೆಗೆ ಯಾವ ಹುಲ್ಲು ಉಳಿಯುತ್ತದೆ ಅಂತ ನಿಮಗೆ ಗೊತ್ತುಂಟು.

ಆದರೆ ಅಕ್ಕನದ್ದು ನಿಜವಾಗಿ ವೇಷ ಬದಲಿಸಿದ್ದಾ, ಅಥವಾ 2019ರಲ್ಲೇ ಮೂಲೆಯಲ್ಲಿ ಸಾರ್ಕೋಮಾ ಇತ್ತಾ, ಅಥವಾ ಇದು ಸಂಬಂಧವೇ ಇಲ್ಲದ ಹೊಸ ಕ್ಯಾನ್ಸರಾ? ಅದಕ್ಕೆ ಹಳೆಯ ತುಂಡು ಬೇಕು ಅಂದರು. ಇಲ್ಲಿಂದ ಮುಂದಿನದ್ದನ್ನು ಗಮನವಿಟ್ಟು ಓದಿ, ಏಕೆಂದರೆ ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಸಣ್ಣ ಸಣ್ಣ ತುಂಡುಗಳನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿ ಇಡ್ತಾರೆ. ಅದಕ್ಕೆ ಬ್ಲಾಕ್ ಅಂತ ಹೆಸರು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಬಣ್ಣ ಹಾಕಿದ್ದು ಸ್ಲೈಡ್. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ರೋಗಿ ಅಥವಾ ಮನೆಯವರು ಕಾಗದ ಬರೆದುಕೊಟ್ಟು ಕೇಳಿದರೆ ಕೊಡ್ತಾರೆ. ನಾನು ಮಂಗಳೂರಿಗೆ ಹೋಗಿ, ಅಕ್ಕನ ಸಹಿಯ ಪತ್ರ, ಹಳೆ ರಿಪೋರ್ಟಿನ ನಂಬರ್ ಕೊಟ್ಟು ಆರು ಬ್ಲಾಕ್ ತಂದೆ. ಆ ರಾತ್ರಿ ನಮ್ಮ ಮನೆಯಲ್ಲಿ ಇಟ್ಟು, ಮರುದಿನ ಮೂಡುಬಿದಿರೆಯಿಂದ ಕಾರ್ಕಳ ಮೇಲಾಗಿ ಮಣಿಪಾಲಕ್ಕೆ ತಲುಪಿಸಿದೆ. ಒಂದು ಎಚ್ಚರಿಕೆ: ಅದು ಮೇಣ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ನಾನು ಬಸ್ಸಿನಲ್ಲಿ ಕೈಚೀಲದಲ್ಲಿ ಇಟ್ಟುಕೊಂಡೇ ಹೋದದ್ದು.

ಅವರು ಹಳೆಯದ್ದನ್ನೂ ಹೊಸದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಹಳೆಯದ್ದರಲ್ಲಿ ಎಲ್ಲಿಯೂ ಸಾರ್ಕೋಮಾ ಕಾಣಲಿಲ್ಲ. ಪಿ53 ಅಂತ ಒಂದು ಬಣ್ಣದ ಪರೀಕ್ಷೆ ಉಂಟು, ಅದರಲ್ಲಿ ಎರಡೂ ಒಂದೇ ರೀತಿಯ ದೋಷ ತೋರಿಸಿದವು. ಒಂದೇ ಬೇರು, ಬೇರೆ ರೆಂಬೆ ಅಂತ ಅಭಿಪ್ರಾಯ ಬರೆದರು.

ಹಳೆ ಸ್ಲೈಡಿನ ಬೆಲೆ ಎಷ್ಟು ಅಂತ ತಿಳೀಲಿಕ್ಕೆ ಒಂದು ಹೊರಗಿನ ಕಥೆ ಹೇಳ್ತೇನೆ. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸು 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತೀರಿಹೋದರು. ಅವರನ್ನು ಕೇಳದೆ ತೆಗೆದ ಕೋಶಗಳು ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೀತಾ ಉಂಟು. ಸುಮಾರು 20 ವರ್ಷದ ನಂತರ ಅವರ ತುಂಡನ್ನು ಪುನಃ ನೋಡಿದಾಗ, ಮೊದಲು ಬರೆದ ಜಾತಿ ಅದಲ್ಲ, ಬೇರೆಯೇ ಅಂತ ಗೊತ್ತಾಯ್ತು. 1971ರಲ್ಲಿ ಅದನ್ನು ಪ್ರಕಟಿಸಿದರು. ತುಂಡು ಉಳಿದದ್ದಕ್ಕೆ ಸತ್ಯವೂ ಉಳಿಯಿತು.

ಈಗ ವೇಣೂರಿನವರ ಪ್ರಶ್ನೆಗೆ ಬರ್ತೇನೆ. ಪುನಃ ಕಂಡ ಗಡ್ಡೆ ಏನೇನು ಆಗಿರಬಹುದು? ಹೆಚ್ಚಿನವರಿಗೆ ಹಳೆಯದ್ದೇ ಬರ್ತದೆ, ಅದು ನಿಜ. ಕೆಲವರಿಗೆ ಅಕ್ಕನ ಹಾಗೆ ರೂಪ ಬದಲಿಸಿ ಬರ್ತದೆ. ಅರ್ಧ ಕ್ಯಾನ್ಸರ್ ಅಂತ ಹೇಳುವ ಬಾರ್ಡರ್‌ಲೈನ್ ಗಡ್ಡೆ ತೆಗೆದವರಿಗೆ ವರ್ಷಗಳ ನಂತರ ನಿಜವಾದ ಕ್ಯಾನ್ಸರ್ ಆಗಿ ಬಂದದ್ದುಂಟು. ಕೆಲವೊಮ್ಮೆ ಅದು ಅಂಡಾಶಯದ್ದೇ ಅಲ್ಲ, ಹೊಟ್ಟೆ ಅಥವಾ ಕರುಳಿನ ಹೊಸ ಕ್ಯಾನ್ಸರ್. ಇನ್ನು ಕೆಲವೊಮ್ಮೆ ಕ್ಯಾನ್ಸರೇ ಅಲ್ಲ. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯ, ಅಂದ್ರೆ ಟಿ.ಬಿ., ಥೇಟ್ ಅಂಡಾಶಯದ ಕ್ಯಾನ್ಸರಿನ ಹಾಗೇ ಕಾಣ್ತದೆ. ನೀರು ತುಂಬ್ತದೆ, ಸಿಎ-125 ಕೂಡ ಏರ್ತದೆ. ಅದಕ್ಕೆ ಬೇಕಾದದ್ದು ಟಿ.ಬಿ. ಮಾತ್ರೆ, ಕೀಮೋ ಅಲ್ಲ. ಎಳೆ ಪ್ರಾಯದ ಹುಡುಗಿಯರಿಗೆ ಬರುವ ಟೆರಟೋಮಾ ಅಂತ ಒಂದು ಜಾತಿಯುಂಟು. ಅದರಲ್ಲಿ ಕೀಮೋ ಆದ ಮೇಲೂ ಕೆಲವರ ಗಡ್ಡೆ ದೊಡ್ಡದಾಗ್ತಾ ಹೋಗ್ತದೆ, ತೆಗೆದು ನೋಡಿದರೆ ಒಳಗೆ ಕ್ಯಾನ್ಸರ್ ಇರುವುದಿಲ್ಲ, ಬಲಿತ ಸಾಧು ಅಂಗಾಂಶ ಮಾತ್ರ. 1982ರಲ್ಲಿ ಇದಕ್ಕೊಂದು ಹೆಸರನ್ನೂ ಇಟ್ಟರು. ಅಲ್ಲಿ ಇನ್ನೂ ಕೀಮೋ ಕೊಟ್ಟರೆ ಮೈಗೆ ನಷ್ಟ ಮಾತ್ರ, ಕತ್ತಿಯೇ ಮದ್ದು. ಸ್ಕ್ಯಾನಿನ ಚಿತ್ರದಲ್ಲಿ ಇವೆಲ್ಲ ಸುಮಾರು ಒಂದೇ ಹಾಗೆ ಕಾಣಬಹುದು.

ಅಕ್ಕನಿಗೆ ಹೆಸರು ಬದಲಾದದ್ದರಿಂದ ಎಂತ ಉಪಯೋಗ ಆಯ್ತು ಅಂತ ಕೇಳಬಹುದು. ಉಳ್ಳದ್ದನ್ನೇ ಹೇಳ್ತೇನೆ. ಮದ್ದಿನಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ. ಕಾರ್ಸಿನೋಸಾರ್ಕೋಮಾಕ್ಕೂ ಅದೇ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಜೋಡಿಯೇ ಮೊದಲ ಸಾಲಿನದ್ದು. ಆದರೆ ಮೂರು ವಿಷಯ ಬದಲಾಯ್ತು. ಒಂದು, ಬರೀ ಕೀಮೋ ಸಾಲದು, ಗಡ್ಡೆ ಒಂದೇ ಜಾಗದಲ್ಲಿರುವಾಗಲೇ ತೆಗೆಯುವ ಅಂತ ತೀರ್ಮಾನ ಆಯ್ತು. 2022ರ ನವೆಂಬರಿನಲ್ಲಿ ಸ್ವಲ್ಪ ಕರುಳಿನ ಸಮೇತ ತೆಗೆದರು. ಎರಡು, ಸಿಎ-125 ನಂಬಿ ಕೂರುವುದು ನಿಂತಿತು, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಮೂರನೆಯದ್ದು ದೊಡ್ಡದು. ಇದು ಮೊದಲಿನದ್ದಕ್ಕಿಂತ ಕೆಟ್ಟ ಜಾತಿ, ಬೇಗ ಬರ್ತದೆ ಅಂತ ಡಾಕ್ಟರಮ್ಮ ಅಕ್ಕನಿಗೇ ನೇರ ಹೇಳಿದರು. ಅವಳು ಕೇಳಿದ್ದಕ್ಕೇ ಹೇಳಿದ್ದು.

ಹಾಗಾಗಿ ಅವಳು ಮುಂದೂಡಲಿಲ್ಲ. 2023ರ ಏಪ್ರಿಲಿನಲ್ಲಿ ಕೀಮೋ ಮುಗಿದ ಮೇಲೆ ಜಾಗದ ಪಾಲಿನ ಕಾಗದ ಸರಿ ಮಾಡಿಸಿದಳು. ಅಡಿಕೆ ಮಾರಿದ ಲೆಕ್ಕ, ಸೊಸೈಟಿ ಸಾಲದ ಲೆಕ್ಕ ಎಲ್ಲ ಸೊಸೆಗೆ ತೋರಿಸಿಕೊಟ್ಟಳು. ಮಳೆ ಶುರುವಾದಾಗ ನೂರು ಹಿಪ್ಪಲಿ ಕಸಿ ಗಿಡ ತರಿಸಿ ತಾನೇ ನಿಂತು ನೆಡಿಸಿದಳು. "ಕೊಯ್ಲಿಗೆ ನಾನಿಲ್ಲ, ಬುಡದ ಹಿಪ್ಪಲಿ ಚಿಗುರು ಮಾತ್ರ ತೆಗೀತಾ ಇರಿ" ಅಂದಳು. ಆ ವರ್ಷದ ಕೊನೆಗೆ ಪುನಃ ಬಂತು. ಇನ್ನು ಕೀಮೋ ಬೇಡ ಅಂತ ಅವಳೇ ಹೇಳಿದಳು. ನೋವಿನ ಮದ್ದು ಸಾಕಷ್ಟು ಸಿಕ್ಕಿತು. 2024ರ ಫೆಬ್ರವರಿಯಲ್ಲಿ ತನ್ನ ಮನೆಯಲ್ಲೇ ತೀರಿಕೊಂಡಳು. ಹೆಸರು ಗೊತ್ತಾದ್ದರಿಂದ ಆಯುಷ್ಯ ಹೆಚ್ಚಾಯ್ತು ಅಂತ ನಾನು ಹೇಳುವುದಿಲ್ಲ. ಇದ್ದ ದಿನಗಳು ಅವಳ ಕೈಯಲ್ಲಿದ್ದವು.

ಇನ್ನು ಕೆಲವು ಉಪಯೋಗದ ಮಾತು.

ಆಪರೇಷನ್ ಆದ ಮನೆಯವರು ತುಂಡು ಪರೀಕ್ಷೆಯ ಮೂಲ ರಿಪೋರ್ಟ್, ಅದರ ಲ್ಯಾಬ್ ನಂಬರ್, ಬ್ಲಾಕ್ ಯಾವ ಲ್ಯಾಬಿನಲ್ಲಿ ಉಂಟು ಎಂಬುದನ್ನು ಒಂದು ಕಡೆ ಬರೆದಿಡಿ. ಪಹಣಿ ಇಟ್ಟ ಪೆಟ್ಟಿಗೆಯಲ್ಲೇ ಇಡಿ, ಕಳೆಯುವುದಿಲ್ಲ. ಬ್ಲಾಕ್ ಎಷ್ಟು ವರ್ಷ ಇಡ್ತೀರಿ ಅಂತ ಲ್ಯಾಬಿನಲ್ಲಿ ಕೇಳಿಟ್ಟುಕೊಳ್ಳಿ.

ರೋಗ ಪುನಃ ಬಂದರೆ ಡಾಕ್ಟ್ರ ಹತ್ತಿರ ಒಂದೇ ಪ್ರಶ್ನೆ: "ಇದು ಹಳೆಯದ್ದೇ ಅಂತ ಹೇಗೆ ಗೊತ್ತಾಯ್ತು?" ಕೆಲವರಿಗೆ ಪರೀಕ್ಷೆ ಬೇಡ ಅಂತ ಅವರು ಹೇಳಬಹುದು, ಜಾಗ ಕಷ್ಟದ್ದಿರಬಹುದು, ಮೈ ತಾಳದಿರಬಹುದು. ಕಾರಣ ಕೇಳಿ, ಅಷ್ಟೇ. ಕೇಳಿದರೆ ಯಾರೂ ಬೇಸರ ಮಾಡುವುದಿಲ್ಲ.

ಬಿಆರ್‌ಸಿಎ ಅಂತ ಒಂದು ಜೀನ್ ಪರೀಕ್ಷೆ ಉಂಟು. ಅಂಡಾಶಯದ ಕ್ಯಾನ್ಸರ್ ಬಂದವರಿಗೆ ಅದನ್ನು ಮಾಡಿಸಬೇಕು. ಅದರಲ್ಲಿ ದೋಷ ಇದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಇರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸರಲ್ಲೂ ಇರ್ತದೆ, ಅವರಿಂದ ಹೆಣ್ಣುಮಕ್ಕಳಿಗೆ ಹೋಗ್ತದೆ. ಅಕ್ಕನದ್ದರಲ್ಲಿ ದೋಷ ಕಾಣಲಿಲ್ಲ. ರಿಪೋರ್ಟ್ ಬರುವ ತನಕ ಅವಳ ಮಗಳ ಮುಖ, ನನ್ನ ಇಬ್ಬರು ಹೆಣ್ಣುಮಕ್ಕಳ ಮುಖ ನೋಡಿಕೊಂಡು ಕಳೆದ ಮೂರು ವಾರ ನನಗೆ ಮರೀಲಿಕ್ಕಿಲ್ಲ.

ಆರೋಗ್ಯವಾಗಿ ಇರುವವರು ಸಿಎ-125 ಮಾಡಿಸಲು ಓಡಬೇಡಿ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಹಾಗೆ ವರ್ಷ ವರ್ಷ ನೋಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಅದರ ಬದಲು, ಎರಡು ಮೂರು ವಾರ ದಿನಾ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ ಇದ್ದರೆ ಗ್ಯಾಸ್ ಅಂತ ಬಿಡದೆ ಒಂದು ಸ್ಕ್ಯಾನ್ ಮಾಡಿಸಿ. ಅಡಿಕೆ ತಿಂದದ್ದಕ್ಕಾ ಅಂತ ಅಕ್ಕನನ್ನು ನೋಡಲು ಬಂದವರೆಲ್ಲ ಕೇಳಿದರು. ಅಡಿಕೆಯ ಮೇಲಿರುವ ತಕರಾರು ಬಾಯಿ ಕ್ಯಾನ್ಸರಿನದ್ದು, ಅದು ಬೇರೆ ವಿಷಯ.

ದುಡ್ಡಿನ ಬಗ್ಗೆ: ನಮಗೆ ಎರಡನೇ ಸಲದ ಎಲ್ಲ ತುಂಡು ಪರೀಕ್ಷೆಗಳಿಗೆ ಹೋದದ್ದು ಅರ್ಧ ಕ್ವಿಂಟಾಲ್ ಅಡಿಕೆಯ ಹಣ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ರೆಫರಲ್ ಚೀಟಿ ಬೇಕಾಗ್ತದೆ, ತಾಲೂಕು ಆಸ್ಪತ್ರೆಯಲ್ಲೋ ವೆನ್ಲಾಕಿನಲ್ಲೋ ಮೊದಲೇ ವಿಚಾರಿಸಿ. ಬೆಂಗಳೂರಿಗೆ ಹೋಗುವವರಿಗೆ 1973ರಿಂದ ಇರುವ ಕಿದ್ವಾಯಿ ಉಂಟು.

ವೇಣೂರಿನವರು ಮೊನ್ನೆ ಫೋನ್ ಮಾಡಿದ್ದರು. ತುಂಡು ತೆಗೆದಾಗಿದೆ, ರಿಪೋರ್ಟ್ ಇನ್ನೂ ಬಂದಿಲ್ಲ. ಯಾರಿಗಾದರೂ ಬ್ಲಾಕ್ ಕೇಳಲು ಕಾಗದ ಹೇಗೆ ಬರೆಯುವುದು ಅಂತ ಗೊತ್ತಾಗದಿದ್ದರೆ ಹೇಳಿ, ನಾನು ಬರೆದದ್ದರ ಪ್ರತಿ ನನ್ನ ಹತ್ತಿರ ಉಂಟು. ಮಳೆ ಎರಡು ದಿನ ಬಿಟ್ಟರೆ ಮದ್ದು ಬಿಡುವವರು ಬರ್ತಾರೆ. ಬೋರ್ಡೋ ವಿಷಯ ಮುಂದಿನ ವಾರ.